ಮಗಳ ಖಾತೆ ಬದಲಿಸುವ ಮುನ್ನ: ಜಮಖಂಡಿಗೆ ಒಂದು ಪತ್ರ

ಕೊಲಂಬಸ್, ಒಹಾಯೊ

ಅಣ್ಣನಿಗೆ, ವೈನಿಗೆ, ಅವ್ವನಿಗೆ ನಮಸ್ಕಾರ.

ಇಲ್ಲಿ ಅಮೆರಿಕದಲ್ಲಿ ಓದುತ್ತಿರುವ ನಿಮ್ಮ ಮಗಳ ಖಾತೆಯಿಂದ ಒಂದೇ ವಾರದಲ್ಲಿ ಮೂರು ಸಲ 35 ಡಾಲರ್ ಕಡಿತವಾದದ್ದು ಏಕೆ, ಬ್ಯಾಂಕ್ ಬದಲಿಸಿದರೆ ಅದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಫೋನಿನಲ್ಲಿ ಹೇಳಿದರೆ ಅರ್ಧ ತಲೆಯಲ್ಲಿ ಉಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಒಂದಿಷ್ಟು ಕೆಲಸ ಅವಳದು, ಒಂದಿಷ್ಟು ಜಮಖಂಡಿಯಲ್ಲಿದ್ದುಕೊಂಡು ಅಣ್ಣ ಮಾಡಬೇಕಾದದ್ದು.

ನಮ್ಮ ಕಡೆ ವ್ಯಾಪಾರಿಗಳು ಓವರ್‌ಡ್ರಾಫ್ಟ್ (ಓ.ಡಿ.), ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ರೊಕ್ಕ ತೆಗೆಯಬೇಕಾದರೆ ಅರ್ಜಿ ಹಾಕಿ, ಜಾಮೀನು ತೋರಿಸಿ, ಮಿತಿ ಮಂಜೂರು ಮಾಡಿಸಿಕೊಳ್ಳಬೇಕು. ಎಷ್ಟು ದಿನ ಬಳಸಿದರೋ ಅಷ್ಟು ದಿನಕ್ಕೆ ಬಡ್ಡಿ. ಇಲ್ಲಿನ ಸಾಮಾನ್ಯ ಚೆಕಿಂಗ್ ಖಾತೆಯಲ್ಲಿ, ಅಂದರೆ ನಿತ್ಯದ ಖರ್ಚಿನ ಖಾತೆಯಲ್ಲಿ, ಹಾಗಿಲ್ಲ. ಖಾತೆಯಲ್ಲಿ ರೊಕ್ಕ ಸಾಲದಿದ್ದರೆ ಬ್ಯಾಂಕೇ ಕೈಯಿಂದ ಹಾಕಿ ಪಾವತಿ ಮಾಡಿ, ಒಂದೊಂದು ಪಾವತಿಗೂ ಇಡಿಗಂಟಿನ ಶುಲ್ಕ ಹಚ್ಚುತ್ತದೆ. ಕೊರತೆ ಎಷ್ಟು, ಎಷ್ಟು ದಿನದ್ದು ಎಂಬುದಕ್ಕೂ ಶುಲ್ಕಕ್ಕೂ ಸಂಬಂಧವಿಲ್ಲ.

ಲೆಕ್ಕ ಹೀಗೆ ಬೆಳೆಯುತ್ತದೆ ನೋಡಿ. ಬಾಡಿಗೆ 1,000 ಡಾಲರ್ ಅನ್ನಿ. ಖಾತೆಯಲ್ಲಿ 10 ಡಾಲರ್ ಇತ್ತು, ನೀವು ಊರಿನಿಂದ ಸರಿಯಾಗಿ 1,000 ಕಳಿಸಿದಿರಿ, ನಡುವಿನ ಬ್ಯಾಂಕುಗಳು 30 ಹಿಡಿದುಕೊಂಡು 970 ಜಮಾ ಆಯಿತು. ಬಾಡಿಗೆ ತಾನಾಗಿ ಕಡಿತವಾಯಿತು: ಕೊರತೆ 20, ಅದಕ್ಕೆ ಶುಲ್ಕ 35, ಖಾತೆ 55 ಡಾಲರ್ ಮೈನಸ್. ಮರುದಿನ ಕಾರ್ಡಿನಲ್ಲಿ 5 ಡಾಲರಿನ ಕಾಫಿ, ಅದರ ಮೇಲೆ 35: ಮೈನಸ್ 95. ಮೂರನೆಯ ದಿನ ಫೋನ್ ಬಿಲ್ 25, ಮತ್ತೆ 35: ಮೈನಸ್ 155. ನಿಜವಾದ ಕೊರತೆ 50 ಡಾಲರ್, ಶುಲ್ಕವೇ 105. ನಮ್ಮ ರೂಪಾಯಿಯಲ್ಲಿ ಒಂಬತ್ತು ಸಾವಿರದ ಹತ್ತಿರದ ಲುಕ್ಸಾನು. ಹುಡುಗಿ ಖರ್ಚು ಮೀರಿ ಮಾಡಿದಳು ಅಂತ ಅವಳ ಮೇಲೆ ಸಿಟ್ಟಾಗಬೇಡಿ. ಎಡವಟ್ಟಾದದ್ದು ಕಳಿಸಿದ ಮೊತ್ತ ಮತ್ತು ಮುಟ್ಟಿದ ಮೊತ್ತದ ಅಂತರದಲ್ಲಿ.

ಬ್ಯಾಂಕ್ ಬದಲಿಸುವ ಮೊದಲೇ ಅವಳು ಇವತ್ತೇ ಮಾಡಬಹುದಾದ ಎರಡು ಕೆಲಸಗಳಿವೆ. ಒಂದು, ಬ್ಯಾಂಕಿಗೆ ಕರೆ ಮಾಡಿ ಶುಲ್ಕ ಮರಳಿಸಲು ಕೇಳುವುದು. ಮೊದಲ ಸಲದ್ದಾದರೆ ಒಂದನ್ನೋ ಎರಡನ್ನೋ ವಾಪಸ್ ಹಾಕುವ ಬ್ಯಾಂಕುಗಳು ಬಹಳ. ವಾದ ಬೇಡ, ಕಡಿತವಾದ ತಾರೀಖುಗಳನ್ನು ಮುಂದಿಟ್ಟುಕೊಂಡು ಕೇಳಿದರೆ ಸಾಕು. ಎರಡು, ಆ್ಯಪಿನಲ್ಲಿ ಡೆಬಿಟ್ ಕಾರ್ಡ್ ಓವರ್‌ಡ್ರಾಫ್ಟ್ ಎಂಬ ಗುಂಡಿ ಇರುತ್ತದೆ, ಅದನ್ನು ಬಂದ್ ಮಾಡುವುದು. 2010ರಿಂದ ಇಲ್ಲಿ ರೆಗ್ಯುಲೇಷನ್ ಇ ಎಂಬ ನಿಯಮದ ಪ್ರಕಾರ, ಎಟಿಎಂ ಮತ್ತು ಒಂದೇ ಸಲದ ಕಾರ್ಡ್ ಖರೀದಿಗೆ ಗ್ರಾಹಕರು ಮೊದಲೇ ಒಪ್ಪಿಗೆ ಕೊಟ್ಟಿರದಿದ್ದರೆ ಓವರ್‌ಡ್ರಾಫ್ಟ್ ಶುಲ್ಕ ಹಾಕುವಂತಿಲ್ಲ. ಖಾತೆ ತೆರೆಯುವಾಗ ಹತ್ತು ಕಡೆ ಟಿಕ್ ಹಾಕಿಸಿಕೊಳ್ಳುತ್ತಾರೆ. ಒಪ್ಪಿಗೆ ಹೋಗಿರುವುದು ಅಲ್ಲೇ. ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ತೆಗೆದ ಮೇಲೆ ರೊಕ್ಕವಿಲ್ಲದಿದ್ದರೆ ಕಾರ್ಡ್ ನಡೆಯುವುದಿಲ್ಲ, ಅಷ್ಟೇ. ಅಂಗಡಿಯಲ್ಲಿ ಒಂದು ಗಳಿಗೆ ಮುಜುಗರ, ಆದರೆ ಪುಕ್ಕಟೆ.

ಆದರೆ ಈ ಗುಂಡಿ ಬಾಡಿಗೆಯನ್ನು ಕಾಯುವುದಿಲ್ಲ. ಚೆಕ್ಕು, ಖಾತೆ ಸಂಖ್ಯೆ ಕೊಟ್ಟು ಹಚ್ಚಿದ ಎಸಿಎಚ್ ಕಡಿತ, ತಿಂಗಳು ತಿಂಗಳು ತಾನಾಗಿ ಹೋಗುವ ಕಾರ್ಡ್ ಪಾವತಿ ಈ ನಿಯಮದ ಹೊರಗಿವೆ. ಎಸಿಎಚ್ ಅಂದರೆ, ಸಾಲದ ಕಂತು ಖಾತೆಯಿಂದ ತಾನಾಗಿ ಹೋಗಲೆಂದು ಬ್ಯಾಂಕಿಗೆ ಬರೆದುಕೊಡುವ ನಮ್ಮ ನಾಚ್ ಮ್ಯಾಂಡೇಟ್ ಇದ್ದ ಹಾಗೆ. ಬ್ಯಾಂಕು ಅದನ್ನು ಪಾವತಿಸಿ ಶುಲ್ಕ ಹಾಕಬಹುದು, ಇಲ್ಲವೇ ವಾಪಸ್ ಕಳಿಸಬಹುದು. ವಾಪಸ್ ಹೋದರೆ ಮನೆ ಮಾಲೀಕರು ತಡದ ದಂಡ ಹಾಕುತ್ತಾರೆ. ಹೀಗಾಗಿ ಖಾತೆ ಬದಲಿಸುವುದು ಸರಿಯೇ.

ಎಲ್ಲಿಗೆ ಬದಲಿಸುವುದು? ಕ್ಯಾಪಿಟಲ್ ಒನ್ ಮತ್ತು ಸಿಟಿ ಬ್ಯಾಂಕ್ 2022ರಲ್ಲೇ ಓವರ್‌ಡ್ರಾಫ್ಟ್ ಶುಲ್ಕ ತೆಗೆದುಹಾಕಿದವು. ಬ್ಯಾಂಕ್ ಆಫ್ ಅಮೆರಿಕ ಅದೇ ವರ್ಷ 35ರಿಂದ 10 ಡಾಲರಿಗೆ ಇಳಿಸಿತು. ಕೆಲವು ಬ್ಯಾಂಕುಗಳಲ್ಲಿ ದಿನದ ಕೊನೆಗೆ ಕೊರತೆ 50 ಡಾಲರ್ ದಾಟಿದರೆ ಮಾತ್ರ ಶುಲ್ಕ. ದೊಡ್ಡ ಬ್ಯಾಂಕುಗಳಿಗೆ 5 ಡಾಲರಿನ ಮಿತಿ ಬಂತು ಅಂತ ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ್ದ ಸುದ್ದಿ ಹಳೆಯದು. ಆ ನಿಯಮ 2024ರ ಡಿಸೆಂಬರಿನಲ್ಲಿ ಹೊರಟಿತ್ತು ಖರೆ, 2025ರಲ್ಲಿ ಇಲ್ಲಿನ ಸಂಸತ್ತೇ ಅದನ್ನು ರದ್ದು ಮಾಡಿತು. ಅವಳು ಸೇರುವ ದಿನ ಆ ಬ್ಯಾಂಕಿನ ಶುಲ್ಕಪಟ್ಟಿ ತೆರೆದು ಓದುವುದೇ ಸರಿ.

ನನ್ನ ಕೇಳಿದರೆ, ಮೊದಲು ಅದೇ ಬ್ಯಾಂಕಿನಲ್ಲಿ ಬೇರೆ ತರಹದ ಖಾತೆ ಸಿಗುತ್ತದೆಯೇ ನೋಡಬೇಕು. ಇಲ್ಲಿ ಬ್ಯಾಂಕ್ ಆನ್ ಎಂಬ ಮಾನದಂಡವಿದೆ. ಅದರ ಮುದ್ರೆ ಇರುವ ಖಾತೆಗಳಲ್ಲಿ ಓವರ್‌ಡ್ರಾಫ್ಟ್ ಶುಲ್ಕವೇ ಇಲ್ಲ, 25 ಡಾಲರ್ ಅಥವಾ ಅದಕ್ಕೂ ಕಡಿಮೆಯಲ್ಲಿ ತೆರೆಯಬಹುದು. ಬಹುತೇಕ ಚೆಕ್‌ಬುಕ್ ಇರುವುದಿಲ್ಲ, ತಿಂಗಳಿಗೆ ಸುಮಾರು 5 ಡಾಲರ್ ಇರಬಹುದು, ವಿದ್ಯಾರ್ಥಿಗಳಿಗೆ ಎಷ್ಟೋ ಕಡೆ ಅದೂ ಮಾಫಿ. ಇದ್ದ ಖಾತೆಯನ್ನೇ ಈ ತರಹಕ್ಕೆ ಪರಿವರ್ತಿಸಿಕೊಟ್ಟು ಸಂಖ್ಯೆ ಹಾಗೇ ಉಳಿಸಿದರೆ, ಮುಂದೆ ನಾನು ಬರೆಯುವ ತಲೆನೋವಿನ ಮುಕ್ಕಾಲು ಭಾಗ ಇರುವುದೇ ಇಲ್ಲ. ಸಂಖ್ಯೆ ಉಳಿಯುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಬೇರೆ ಬ್ಯಾಂಕಿಗೇ ಹೋಗುವುದಾದರೆ, ತೆರೆಯುವ ಮುಂಚೆ ಒಂದು ಪ್ರಶ್ನೆ: ಭಾರತದಿಂದ ಬರುವ ವೈರ್ ತೆಗೆದುಕೊಳ್ಳುತ್ತೀರಾ, ಸ್ವಿಫ್ಟ್ ಕೋಡ್ ಇದೆಯೇ? ವೈರ್ ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ರೊಕ್ಕ, ಸ್ವಿಫ್ಟ್ ಕೋಡ್ ಅಂದರೆ ಹೊರದೇಶದ ರೊಕ್ಕಕ್ಕೆ ಬ್ಯಾಂಕಿನ ಗುರುತು. ಶುಲ್ಕವಿಲ್ಲದ ಆನ್‌ಲೈನ್ ಬ್ಯಾಂಕುಗಳಲ್ಲಿ, ನಮ್ಮ ಸಹಕಾರಿ ಬ್ಯಾಂಕಿನಂಥ ಸಣ್ಣ ಕ್ರೆಡಿಟ್ ಯೂನಿಯನ್‌ಗಳಲ್ಲಿ ಎಷ್ಟೋ ಸಲ ಸ್ವಂತ ಸ್ವಿಫ್ಟ್ ಇರುವುದಿಲ್ಲ. ನಡುವೆ ಇನ್ನೊಂದು ಬ್ಯಾಂಕ್ ಬರುತ್ತದೆ, ಅದು ತನ್ನ ಪಾಲು ಹಿಡಿಯುತ್ತದೆ. ಇನ್ನೊಂದು: ಬರೀ ಆ್ಯಪ್ ಇರುವ ಕಂಪನಿಗಳಲ್ಲಿ ಎಷ್ಟೋ ಬ್ಯಾಂಕುಗಳೇ ಅಲ್ಲ. 2024ರಲ್ಲಿ ಸಿನಾಪ್ಸ್ ಎಂಬ ನಡುವಿನ ಕಂಪನಿ ದಿವಾಳಿಯಾದಾಗ ಸಾವಿರಾರು ಜನರ ರೊಕ್ಕ ತಿಂಗಳುಗಟ್ಟಲೆ ಸಿಕ್ಕಿಬಿತ್ತು. ಎಫ್‌ಡಿಐಸಿ ವಿಮೆ ನೇರವಾಗಿರುವ ಬ್ಯಾಂಕು, ಇಲ್ಲವೇ ಎನ್‌ಸಿಯುಎ ವಿಮೆ ಇರುವ ಕ್ರೆಡಿಟ್ ಯೂನಿಯನ್ ಆಗಲಿ. ಎರಡೂ ಇಲ್ಲಿನ ಸರಕಾರದ ಠೇವಣಿ ವಿಮೆಗಳು, ಎರಡರಲ್ಲೂ 2,50,000 ಡಾಲರ್ ತನಕ ರಕ್ಷಣೆ ಇದೆ, ನಮಗೆ ಅಷ್ಟು ಸಾಕು.

ಇನ್ನು ಕ್ರಮ. ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವುದಲ್ಲ. ಹೊಸದನ್ನು ತೆರೆದು ಎರಡು ತಿಂಗಳು ಎರಡನ್ನೂ ನಡೆಸಬೇಕು. ಮೊದಲು ಒಳಗೆ ಬರುವ ರೊಕ್ಕ ತಿರುಗಬೇಕು, ಆಮೇಲೆ ಹೊರಗೆ ಹೋಗುವುದು. ವಿಶ್ವವಿದ್ಯಾಲಯದ ಕೆಲಸದ ಪಗಾರಕ್ಕೆ ಪೇರೋಲ್ ಪುಟದಲ್ಲಿ ಹೊಸ ಖಾತೆ ಸಂಖ್ಯೆ, 9 ಅಂಕಿಯ ರೂಟಿಂಗ್ ಸಂಖ್ಯೆ (ನಮ್ಮ ಐಎಫ್‌ಎಸ್‌ಸಿ ಕೋಡ್ ಇದ್ದ ಹಾಗೆ) ಹಾಕಬೇಕು. ಬದಲಾವಣೆ ಒಂದು ಅಥವಾ ಎರಡು ಪಗಾರ ಕಳೆದ ಮೇಲೆ ಹತ್ತುತ್ತದೆ. ಹೊಸ ಖಾತೆಗೆ ಪಗಾರ ಬಿದ್ದದ್ದು ಕಣ್ಣಾರೆ ಕಂಡ ಮೇಲಷ್ಟೇ ಬಾಡಿಗೆಯನ್ನು ಅಲ್ಲಿಗೆ ತಿರುಗಿಸಬೇಕು.

ಹೊರಗೆ ಹೋಗುವುದರ ಪಟ್ಟಿಗೆ ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಲದು, ಹನ್ನೆರಡು ತಿಂಗಳದ್ದು ನೋಡಬೇಕು. ವರ್ಷಕ್ಕೊಮ್ಮೆ ಬರುವ ಬಾಡಿಗೆ ಮನೆಯ ವಿಮೆ, ಚಂದಾಗಳು ಮೂರು ತಿಂಗಳಲ್ಲಿ ಕಾಣುವುದಿಲ್ಲ, ಹಳೇ ಖಾತೆ ಖಾಲಿ ಮಾಡಿ ಕೂತಾಗ ಬಂದು ಬಡಿಯುತ್ತವೆ. ಪ್ರತಿಯೊಂದರ ಮುಂದೆ ಬರೆದುಕೊಳ್ಳಲಿ: ಇದು ಕಾರ್ಡ್ ಸಂಖ್ಯೆಯ ಮೇಲೆ ಹೋಗುತ್ತದೆಯೋ, ಖಾತೆ ಸಂಖ್ಯೆಯ ಮೇಲೋ. ಎರಡನ್ನೂ ಬೇರೆ ಬೇರೆ ಕಡೆ ಬದಲಿಸಬೇಕು. ಬಾಡಿಗೆಯ ಪೋರ್ಟಲಿನಲ್ಲಿ ಕೊನೆಯ ಗಳಿಗೆಗೆ ಬಿಡದೆ 20ನೇ ತಾರೀಖಿನೊಳಗೇ ಹೊಸ ಖಾತೆ ಹಾಕಲಿ. ಝೆಲ್, ಅಂದರೆ ನಮ್ಮ ಯುಪಿಐ ತರಹ ಫೋನ್ ನಂಬರಿಗೆ ರೊಕ್ಕ ಕಳಿಸುವ ಸೇವೆ, ಅದನ್ನು ಮರೆಯುವವರೇ ಹೆಚ್ಚು: ರೂಮಿನ ಗೆಳತಿಯರು ಕರೆಂಟಿನ ಪಾಲು ಕಳಿಸುವುದು ಫೋನ್ ನಂಬರಿಗೆ, ಆ ನಂಬರು ಹಳೇ ಬ್ಯಾಂಕಿಗೆ ಕಟ್ಟಿರುತ್ತದೆ. ಅಲ್ಲಿಂದ ಬಿಡಿಸಿ ಹೊಸದಕ್ಕೆ ಕಟ್ಟಬೇಕು. ತೆರಿಗೆ ರಿಟರ್ನ್ ಹಾಕಿ ರಿಫಂಡ್ ಬಾಕಿ ಇದ್ದರೆ, ಅದು ಬರುವ ತನಕ ಹಳೇ ಖಾತೆ ಮುಟ್ಟುವುದೇ ಬೇಡ.

ಎಲ್ಲ ತಿರುಗಿಸಿದ ಮೇಲೂ ಹಳೇ ಖಾತೆಯಲ್ಲಿ 200 ಡಾಲರ್ ಬಿಟ್ಟಿರಬೇಕು. ಪಗಾರ ಜಮಾ ಆಗುತ್ತದೆಂಬ ಷರತ್ತಿನ ಮೇಲೆ ತಿಂಗಳ ನಿರ್ವಹಣಾ ಶುಲ್ಕ ಮಾಫಿ ಇರುವ ಖಾತೆಗಳು ಇಲ್ಲಿ ಸಾಮಾನ್ಯ. ಪಗಾರ ಬೇರೆ ಕಡೆ ಹೋದ ತಿಂಗಳಿನಿಂದಲೇ 12ರಿಂದ 15 ಡಾಲರ್ ಕಡಿತ ಶುರು. ಖಾತೆ ಬರಿದಾಗಿದ್ದರೆ ಆ ಶುಲ್ಕವೇ ಅದನ್ನು ಮೈನಸ್‌ಗೆ ತಳ್ಳುತ್ತದೆ. ಮೈನಸ್ ಖಾತೆಯನ್ನು ಹಾಗೇ ಬಿಟ್ಟರೆ ಬ್ಯಾಂಕು ಅದನ್ನು ಮುಚ್ಚಿ ಚೆಕ್ಸ್‌ಸಿಸ್ಟಮ್ಸ್ ಎಂಬಲ್ಲಿ ದಾಖಲಿಸುತ್ತದೆ. ಆ ದಾಖಲೆ 5 ವರ್ಷದ ತನಕ ಉಳಿಯಬಹುದು, ಅದನ್ನು ನೋಡಿ ಮುಂದಿನ ಬ್ಯಾಂಕು ಖಾತೆ ತೆರೆಯಲು ಒಲ್ಲೆ ಎನ್ನಬಹುದು.

ಮುಚ್ಚುವಾಗ ಬಾಕಿ ಸೊನ್ನೆ ಮಾಡಿ, ಬರಹದಲ್ಲಿ ಕೇಳಿ, ಮುಚ್ಚಿದೆ ಎಂಬ ಪತ್ರ ತೆಗೆದುಕೊಳ್ಳಬೇಕು. ಮುಚ್ಚಿದ ಖಾತೆಗೆ ಹಳೇ ಕಡಿತವೊಂದು ಬಂದಾಗ ಅದನ್ನು ಬ್ಯಾಂಕು ಮತ್ತೆ ತೆರೆದು ಶುಲ್ಕ ಹಾಕಿದ ಉದಾಹರಣೆಗಳು ಇಲ್ಲಿವೆ. ಪತ್ರ ಕೈಯಲ್ಲಿದ್ದರೆ ತಗಾದೆ ಸುಲಭ. ಅದಕ್ಕೂ ಮುಂಚೆ ಎಲ್ಲ ಸ್ಟೇಟ್‌ಮೆಂಟುಗಳನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಲಿ. ಲಾಗಿನ್ ನಿಂತ ಮೇಲೆ ಸಿಗುವುದಿಲ್ಲ, ಊರಿನ ಶಿಕ್ಷಣ ಸಾಲದವರೋ ವೀಸಾದವರೋ ಒಂದು ದಿನ ಕೇಳಿಯೇ ಕೇಳುತ್ತಾರೆ.

ಈಗ ಅಣ್ಣನ ಕೆಲಸ. ಬ್ಯಾಂಕಿನಲ್ಲಿ ಫಲಾನುಭವಿ ವಿವರ ಹೊಸದಾಗಿ ಕೊಡಬೇಕು: ಖಾತೆಯಲ್ಲಿರುವಂತೆಯೇ ಅವಳ ಪೂರ್ತಿ ಹೆಸರು, ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್ (8 ಅಥವಾ 11 ಅಕ್ಷರ), ಬ್ಯಾಂಕಿನ ವಿಳಾಸ, ರೂಟಿಂಗ್ ಸಂಖ್ಯೆ. ಪಗಾರಕ್ಕೆ ಕೊಡುವ ರೂಟಿಂಗ್ ಸಂಖ್ಯೆ ಬೇರೆ, ವೈರ್‌ಗೆ ಬೇರೆ ಇರುವ ಬ್ಯಾಂಕುಗಳುಂಟು. ಚೆಕ್ಕಿನ ಕೆಳಗೆ ಅಚ್ಚಾದದ್ದನ್ನು ನಕಲು ಮಾಡಿ ಕೊಡಬೇಡ; ಒಳಬರುವ ಅಂತಾರಾಷ್ಟ್ರೀಯ ವೈರ್ ಎಂದು ಬ್ಯಾಂಕೇ ಕೊಟ್ಟ ಪುಟ ಅವಳಿಂದ ತರಿಸಿಕೊ. ಹೊರದೇಶಕ್ಕೆ ರೊಕ್ಕ ಕಳಿಸುವ ಎ2 ಫಾರ್ಮ್, ಪ್ಯಾನ್ ಮೊದಲಿನಂತೆಯೇ. ಶಿಕ್ಷಣಕ್ಕೆ ಉದ್ದೇಶದ ಕೋಡ್ ಎಸ್0305. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆಯ ಲೆಕ್ಕ ಶುರುವಾಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ರೊಕ್ಕಕ್ಕೆ ಅದಿಲ್ಲ, ಹಾಗಾಗಿ ಸಾಲದ ರೊಕ್ಕ, ಕೈಯ ರೊಕ್ಕ ಬೆರೆಸಿ ಒಂದೇ ಫಾರ್ಮಿನಲ್ಲಿ ಬರೆಯಬೇಡ.

ಫಾರ್ಮಿನಲ್ಲಿ ಶುಲ್ಕ ಯಾರದ್ದು ಎಂಬ ಸಾಲಿರುತ್ತದೆ. ಎಸ್‌ಎಚ್‌ಎ ಎಂದರೆ ಹಂಚಿಕೆ: ನಮ್ಮ ಬ್ಯಾಂಕಿನದು ನಿನಗೆ, ನಡುವಿನದು ಮತ್ತು ಇಲ್ಲಿನದು ಅವಳಿಗೆ. ಓಯುಆರ್ ಎಂದರೆ ಎಲ್ಲ ಕಳಿಸುವವರದು. ಗುಮಾಸ್ತರು ಕೇಳದೇ ಎಸ್‌ಎಚ್‌ಎ ಹಾಕುವುದು ರೂಢಿ, ಆ 30 ಡಾಲರ್ ಸೋರುವುದು ಇಲ್ಲೇ. ಓಯುಆರ್ ಕೇಳು. ಆದರೂ ಇಲ್ಲಿನ ಬ್ಯಾಂಕು ಒಳಬರುವ ವೈರ್‌ಗೆ 15 ಡಾಲರಿನಷ್ಟು ಹಿಡಿಯಬಹುದು. ಬಾಡಿಗೆಯಷ್ಟೇ ಕಳಿಸುವುದನ್ನು ಬಿಟ್ಟು 50 ಡಾಲರ್ ಹೆಚ್ಚು ಕಳಿಸು. ತಿಂಗಳು ತಿಂಗಳು ಕಳಿಸುವ ಬದಲು ಮೂರು ತಿಂಗಳದ್ದು ಒಮ್ಮೆ ಕಳಿಸಿದರೆ ಶುಲ್ಕವೂ ಮೂರರಲ್ಲಿ ಒಂದು.

ತಾರೀಖಿನ ಮಾತು ಮುಖ್ಯ. ಸಣ್ಣ ಊರಿನ ಶಾಖೆಯಿಂದ ವಿದೇಶಿ ವಿನಿಮಯದ ಕಡತ ಎಷ್ಟೋ ಸಲ ದೊಡ್ಡ ಶಾಖೆಗೆ ಹೋಗಿ ಮಂಜೂರಾಗಿ ಬರುತ್ತದೆ, ಅದಕ್ಕೊಂದು ದಿನ. ನಮ್ಮಲ್ಲಿ ಎರಡನೇ, ನಾಲ್ಕನೇ ಶನಿವಾರ ರಜೆ. ಇಲ್ಲಿ ಶನಿವಾರ, ಭಾನುವಾರ ಎರಡೂ ವೈರ್ ಚಲಿಸುವುದಿಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರ ಇಲ್ಲಿ ರಜೆ, ನವೆಂಬರ್ 1ಕ್ಕೆ ನಮ್ಮ ರಾಜ್ಯೋತ್ಸವದ ರಜೆ, ಎರಡೂ ಬಾಡಿಗೆಯ ಆಸುಪಾಸಿಗೇ ಬರುತ್ತವೆ. ಹಿಂದಿನ ತಿಂಗಳ 20ಕ್ಕೇ ಕಳಿಸಿಬಿಡು. ಕಬ್ಬಿನ ಬಿಲ್ಲು ಬಂದ ಮೇಲೆ ಅಂತ ಕಾಯಬೇಡ. ಕಬ್ಬು ಹಾಕಿದ 14 ದಿನದಲ್ಲಿ ಬಿಲ್ಲು ಕೊಡಬೇಕೆಂದು 1966ರ ಆದೇಶವೇನೋ ಇದೆ, ಕಾರ್ಖಾನೆಯವರು ಎಷ್ಟು ಪಾಲಿಸುತ್ತಾರೆಂದು ನನಗಿಂತ ನಿನಗೇ ಗೊತ್ತು. ಬಿಲ್ಲು ಬಂದಾಗ ಎರಡು ತಿಂಗಳ ಬಾಡಿಗೆ ಅವಳ ಸೇವಿಂಗ್ಸ್ ಖಾತೆಯಲ್ಲಿ ಕೂರಲಿ. ಚೆಕಿಂಗ್‌ಗೆ ಅದನ್ನು ಜೋಡಿಸಿದರೆ ಕೊರತೆ ಬಿದ್ದ ದಿನ ಅಲ್ಲಿಂದ ತಾನಾಗಿ ಎಳೆದುಕೊಳ್ಳುತ್ತದೆ. ಆ ವರ್ಗಾವಣೆಗೆ ಶುಲ್ಕವಿಲ್ಲದ ಬ್ಯಾಂಕ್ ಆರಿಸಿರಬೇಕು. ಜೊತೆಗೆ 100 ಡಾಲರಿಗಿಂತ ಕೆಳಗಿಳಿದರೆ ಫೋನಿಗೆ ಸಂದೇಶ ಬರುವಂತೆ ಇಟ್ಟುಕೊಳ್ಳಲಿ.

ಹೊಸ ಖಾತೆಗೆ ನಿನ್ನ ಮೊದಲ ವೈರ್ ಮುಟ್ಟುವ ತನಕ ಹಳೆಯದನ್ನು ಅವಳು ಮುಚ್ಚಬಾರದು. ಮುಚ್ಚಿದ ಖಾತೆಗೆ ಹೋದ ವೈರ್ ವಾಪಸ್ ಬರುವಾಗ ಮತ್ತೆ ಶುಲ್ಕ, ಡಾಲರನ್ನು ರೂಪಾಯಿ ಮಾಡುವಾಗ ದರದಲ್ಲಿ ಮತ್ತೆ ಲುಕ್ಸಾನು. ಕಳಿಸಿದ ದಿನವೇ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ ಕೇಳಿ ಪಡೆ. ಅದರಲ್ಲಿ ಯುಇಟಿಆರ್ ಎಂಬ 36 ಅಕ್ಷರಗಳ ಉದ್ದನೆಯ ಗುರುತಿರುತ್ತದೆ. ರೊಕ್ಕ ನಡುವೆ ಎಲ್ಲಿ ನಿಂತಿದೆ ಎಂದು ಅದರಿಂದಲೇ ಹುಡುಕುವುದು. ಮತ್ತೆ, ಅವಳ ಲಾಗಿನ್ ತೆಗೆದುಕೊಂಡು ಜಮಖಂಡಿಯಿಂದ ಖಾತೆ ತೆರೆದು ನೋಡಬೇಡಿ. ಹೊರದೇಶದಿಂದ ಯಾರೋ ನುಗ್ಗುತ್ತಿದ್ದಾರೆಂದು ಬ್ಯಾಂಕು ಖಾತೆಯನ್ನೇ ತಡೆಹಿಡಿದೀತು.

ವೈನಿಗೆ ಹೇಳು, ಹುಡುಗಿ ಊಟಕ್ಕೆ ತೊಂದರೆ ಮಾಡಿಕೊಂಡಿಲ್ಲ. ಅವ್ವನ ಔಷಧದ ಚೀಟಿ ವಾಟ್ಸಾಪಿನಲ್ಲಿ ಕಳಿಸಿ, ನೋಡುತ್ತೇನೆ.

ನಿನ್ನ ತಮ್ಮ

ತಾ.ಕ.: ಹೊಸ ಖಾತೆ ಸಂಖ್ಯೆ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಬಂದರೆ ಅಷ್ಟಕ್ಕೇ ನಂಬಿ ಬ್ಯಾಂಕಿಗೆ ಹೋಗಬೇಡ. ಮಗಳಿಗೆ ಫೋನ್ ಮಾಡಿ, ಅವಳ ಬಾಯಲ್ಲಿ ಒಂದೊಂದೇ ಅಂಕಿ ಹೇಳಿಸಿ ತಾಳೆ ನೋಡಿಕೊ. ಇಮೇಲಿನಲ್ಲಿ ಖಾತೆ ಸಂಖ್ಯೆ ತಿದ್ದಿ ರೊಕ್ಕ ಹೊಡೆಯುವವರು ಇದ್ದಾರೆ, ವೈರ್ ಒಮ್ಮೆ ಮುಟ್ಟಿತೆಂದರೆ ವಾಪಸ್ ತರಿಸುವುದು ಬಲು ಕಷ್ಟ.