ಹೊಸ ಹಾಯಿ ಕಟ್ಟಿ ದ್ವೀಪ ಸುತ್ತಿದ್ದು

ಸೌತಾಂಪ್ಟನ್, ಜುಲೈ

ಅಪ್ಪಯ್ಯನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಂಗಡಿಯಲ್ಲಿ ಶಾಲೆ ಯೂನಿಫಾರ್ಮ್‌ಗಳ ಗಡಿಬಿಡಿ ಇಷ್ಟು ಹೊತ್ತಿಗೆ ಮುಗಿದಿರಬೇಕು. ಫೋನಿನಲ್ಲಿ ರೇಸು ಮುಗಿಯಿತು ಅಂದದ್ದೇ ಸೈ, ಅಮ್ಮ ಊಟ ತಿಂಡಿಯ ವಿಚಾರಣೆಗೆ ಇಳಿದಳು. ಹಾಯಿ ಹೊಲಿದ ಬಗೆಯನ್ನು ನಿಮಗೆ ಬಿಡಿಸಿ ಹೇಳಲೇಬೇಕು ಅಂತ ಈ ಪತ್ರ.

ಹಾಯಿದೋಣಿಗಳ ಈ ರೇಸಿನ ಹೆಸರು ರೌಂಡ್ ದಿ ಐಲ್ಯಾಂಡ್. ನಾನಿರುವ ಈ ಊರಿನ ಎದುರಿಗಿರುವ ಐಲ್ ಆಫ್ ವೈಟ್ ದ್ವೀಪಕ್ಕೆ ಒಂದು ಸುತ್ತು, ಸುಮಾರು 50 ನಾಟಿಕಲ್ ಮೈಲಿ, ಅಂದರೆ 93 ಕಿಲೋಮೀಟರ್. 1931ರಲ್ಲಿ ಶುರುವಾದಾಗ 25 ದೋಣಿಗಳಿದ್ದವಂತೆ, ಆಮೇಲೆ ಸಾವಿರ ದಾಟಿದ ವರ್ಷಗಳೂ ಎಷ್ಟೋ. ಮೊದಲ ವರ್ಷ ಗೆದ್ದದ್ದು 22 ಅಡಿಯ ಒಂದು ಮೀನುದೋಣಿ! ಗಂಗೊಳ್ಳಿಯವರಿಗೆ ಇದನ್ನು ಹೇಳಿ.

ನಮ್ಮದು ಆಫೀಸಿನ ಹಿರಿಯರೊಬ್ಬರ 33 ಅಡಿ ದೋಣಿ. ಅದರ ಎರಡು ಹಳೆಯ ಹಾಯಿಗಳೂ ಜಗ್ಗಿಹೋಗಿದ್ದವು. ಈ ವರ್ಷ ಎರಡನ್ನೂ ಹೊಸದಾಗಿ ಹೊಲಿಸಿದರು, ನಾನೂ ಹೊಲಿಯುವಲ್ಲಿಗೆ ಹೋಗಿ ನೋಡಿದೆ. ಅಲ್ಲಿ ಮಿಷಿನ್ ಮೇಜಿನ ಮೇಲಿರುವುದಿಲ್ಲ, ನೆಲದಲ್ಲಿ ಗುಂಡಿ ತೋಡಿ ಇಳಿಸಿದ್ದಾರೆ. ಹೊಲಿಯುವವರು ಗುಂಡಿಯೊಳಗೆ ಕೂರುತ್ತಾರೆ, ಕೋಣೆಯಷ್ಟಗಲದ ಬಟ್ಟೆ ನೆಲದ ಮೇಲೆಯೇ ಜಾರಿಕೊಂಡು ಸೂಜಿಯ ಬಳಿಗೆ ಬರುತ್ತದೆ. ಮೊದಲು ಎರಡೂ ಕಡೆ ಅಂಟಿರುವ ಟೇಪಿನಿಂದ ಪಟ್ಟಿಗಳನ್ನು ಜೋಡಿಸಿಕೊಂಡು, ಆಮೇಲೆ ಜಿಗ್‌ಜಾಗ್ ಹೊಲಿಗೆ. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಹರಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಬಟ್ಟೆ ಡಾಕ್ರಾನ್, ಒತ್ತಾಗಿ ನೇಯ್ದ ಪಾಲಿಯೆಸ್ಟರ್. ಉದ್ದದ ಹಾಸಿನ ಕಡೆಗಾಗಲಿ ಅಡ್ಡದ ಹೊಕ್ಕಿನ ಕಡೆಗಾಗಲಿ ಎಳೆದರೆ ಜಗ್ಗುವುದಿಲ್ಲ, ಕ್ರಾಸ್‌ಗೆ, ಅಂದರೆ ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಹಾಯಿಯ ಹಿಂದಿನ ಅಂಚಿನ ಮೇಲೆ ಎಳೆತ ಬಹಳ ಇರುವುದರಿಂದ ಹೊಕ್ಕಿನ ಎಳೆಗಳು ಆ ಅಂಚಿನ ಗುಂಟ ಬರುವಂತೆ ಪಟ್ಟಿಗಳನ್ನು ಅಡ್ಡ ಹಾಸಿ ಕತ್ತರಿಸುತ್ತಾರೆ. ಆದರೆ ಅಸಲು ಕೈಚಳಕ ಇರುವುದು ಪಟ್ಟಿಗಳ ಅಂಚಿನಲ್ಲಿ. ಅಂಚನ್ನು ನೇರಕ್ಕೆ ಕತ್ತರಿಸದೆ ಸ್ವಲ್ಪ ಬಾಗಿಸುತ್ತಾರೆ. ಬಾಗಿದ ಅಂಚುಗಳನ್ನು ಸೇರಿಸಿ ಹೊಲಿದಾಗ ಹಾಯಿಗೆ ಹೊಟ್ಟೆ ಬರುತ್ತದೆ, ನೀವು ಬ್ಲೌಸಿಗೆ ಟಕ್ಸ್ ಹಿಡಿದ ಹಾಗೆಯೇ. ಇಷ್ಟು ದಿನ ಹಾಯಿ ಅಂದರೆ ಗಾಳಿಗೆ ಉಬ್ಬುವ ಚಪ್ಪಟೆ ಬಟ್ಟೆ ಅಂತ ನಂಬಿದ್ದವರು ಒಮ್ಮೆ ಆ ನೆಲದ ಮೇಲೆ ಮಂಡಿಯೂರಿ ನೋಡಬೇಕು.

ಆ ಹೊಟ್ಟೆ ಎಲ್ಲಿ ಬರುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಗಾಳಿ ಬರುವ ದಿಕ್ಕಿಗೇ ನೇರ ಹೋಗಲು ಯಾವ ಹಾಯಿದೋಣಿಗೂ ಆಗದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಯ್ದು ಮುಂದಕ್ಕೆ ಹೋಗಬೇಕು. ಓರೆ ಕಡಿಮೆಯಾದಷ್ಟೂ ದಾರಿ ಉಳಿತಾಯ. ಬಟ್ಟೆ ಜಗ್ಗಿ ಹೊಟ್ಟೆ ಹಿಂದಕ್ಕೆ ಸರಿದರೆ ಅದೇ ಗಾಳಿ ದೋಣಿಯನ್ನು ಮುಂದಕ್ಕೆ ತಳ್ಳುವ ಬದಲು ಪಕ್ಕಕ್ಕೆ ವಾಲಿಸುತ್ತದೆ.

ರೇಸಿನ ದಿನ ನೈಋತ್ಯದ ಗಾಳಿ. ಕೌಸ್ ಎಂಬಲ್ಲಿಂದ ಬೆಳಿಗ್ಗೆ ಪಶ್ಚಿಮಕ್ಕೆ ಹೊರಟೆವು. ಇಳಿತದ ನೀರು ನಮ್ಮನ್ನು ಹೊತ್ತೊಯ್ಯುತ್ತಿತ್ತು, ಗಾಳಿ ಮಾತ್ರ ಎದುರು. ಹರ್ಸ್ಟ್ ಕೋಟೆಯ ಬಳಿ ಕಡಲು ಕಿರಿದಾಗಿ ಸೆಳೆತ ಜೋರು, ಎದುರುಗಾಳಿಗೆ ಅಲೆಗಳು ಸಣ್ಣಸಣ್ಣದಾಗಿ, ಕಡಿದಾಗಿ ಏಳುತ್ತವೆ. ದೋಣಿಯ ಮುಂಭಾಗದ ಹಾಯಿಯ ಹಗ್ಗ ನನ್ನ ಕೈಯಲ್ಲಿತ್ತು. ಆ ಹಾಯಿಯ ಎರಡೂ ಮೈಗೆ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ಎಳೆ ನೆಟ್ಟಗೆ ಹಿಂದಕ್ಕೆ ಹರಿಯುತ್ತಿದ್ದರೆ ಹಾಯಿ ಸರಿಯಾಗಿ ಕೂತಿದೆ ಅಂತ ಅರ್ಥ. ಹಳೆಯ ಹಾಯಿಯಲ್ಲಿ ಗಾಳಿ ಜೋರಾದಾಗಲೆಲ್ಲ ಒಂದಲ್ಲ ಒಂದು ಎಳೆ ಕುಣಿಯುತ್ತಿತ್ತು. ಈ ಸಲ ದೊಡ್ಡ ಬೀಸು ಬಂದಾಗಲೂ ಎರಡೂ ಅಲುಗಲಿಲ್ಲ. ಗರಿಗರಿ ಬಟ್ಟೆ ಒಮ್ಮೆ ಸರಕ್ಕೆಂದಿತು, ದೋಣಿ ವಾಲುವ ಬದಲು ನುಗ್ಗಿತು. ಅಪ್ಪಯ್ಯ, ಹೊಲಿಗೆಯ ಬಲ ಏನೆಂದು ಆ ಹಗ್ಗದಲ್ಲಿ ನನ್ನ ಕೈಗೆ ಗೊತ್ತಾಯಿತು.

ನೀಡಲ್ಸ್ ಎಂಬ ಬಿಳಿ ಸೀಮೆಸುಣ್ಣದ ಬಂಡೆಗಳ ಆಚೆ ತಿರುಗಿದ ಮೇಲೆ ಗಾಳಿ ಮೊದಲು ಪಕ್ಕಕ್ಕೆ, ಆಮೇಲೆ ಬೆನ್ನಿಗೆ. ದ್ವೀಪದ ದಕ್ಷಿಣದ ದಾರಿ ಸಲೀಸು, ಅಲ್ಲಿ ಹೇಳುವಂಥದ್ದೇನಿಲ್ಲ, ಚಪಾತಿ ಪಲ್ಯ ತಿಂದೆವು. ಪೂರ್ವದ ತುದಿ ಬೆಂಬ್ರಿಜ್ ದಾಟಿದಾಗ ಮತ್ತೆ ಎದುರುಗಾಳಿ. ಹೋದ ವರ್ಷ ಅಲ್ಲಿಯೇ ಎಲ್ಲರೂ ನಮ್ಮನ್ನು ಹಿಂದೆ ಹಾಕಿದ್ದರು, ಈ ವರ್ಷ ನಾವೇ ಒಂದೊಂದಾಗಿ ದೋಣಿಗಳನ್ನು ದಾಟುತ್ತಾ ಕೌಸ್ ಸೇರಿದೆವು. ಬಹುಮಾನ ಬರಲಿಲ್ಲ, ನಮ್ಮ ವರ್ಗದ ಮೊದಲ ಅರ್ಧದಲ್ಲಿ ಬಂದೆವು. ನನಗೆ ಅಷ್ಟೇ ಹಬ್ಬ.

ಡಾಕ್ರಾನಿನ ತುಂಡುಗಳನ್ನು ಕೇಳಿ ಇಸಿದುಕೊಂಡಿದ್ದೇನೆ, ಮುಂದಿನ ವಾರ ಪಾರ್ಸೆಲ್ ಮಾಡುತ್ತೇನೆ. ಹಾಯಿಯ ಮೂಲೆಗೆ ಹಾಕುವ ಹಲವು ಪದರದ ತುಂಡೂ ಒಂದಿದೆ. ಅದನ್ನು ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಕೈಯಲ್ಲೇ ಹೊಲಿಯುತ್ತಾರೆ. ನಿಮ್ಮ ಮಿಷಿನ್‌ನಲ್ಲಿ ಎಷ್ಟು ಪದರ ಹೋಗುತ್ತದೆ, ಯಾವ ನಂಬರಿನ ಸೂಜಿ ಬೇಕಾಯಿತು ಅಂತ ನೋಡಿ ಬರೆಯಿರಿ. ಅಮ್ಮನಿಗೆ ಕಾಲುನೋವಿನ ಔಷಧಿ ತಪ್ಪಿಸಬೇಡ ಅನ್ನಿ.

ಇಂತಿ ನಿಮ್ಮ ಮಗಳು,
ಸುಮಾ