‘ಅಗ್ರೀ ಟು ಡಿಸಗ್ರೀ’: ಅಪ್ಪನವರ ಪ್ರಶ್ನೆಗೆ ಉತ್ತರ

ಲಂಡನ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.

ಟಿ.ವಿ. ಚರ್ಚೆಗಳ ಕೊನೆಗೆ ಕೇಳಿಬರುವ ‘ಅಗ್ರೀ ಟು ಡಿಸಗ್ರೀ’ ಎಂಬುದು ಸೋತವನ ಸಬೂಬೋ, ರಾಜಿಯೋ ಎಂದು ಕೇಳಿದ್ದಿರಿ. ನನಗೆ ತಿಳಿದಂತೆ ಎರಡೂ ಅಲ್ಲ. ರಾಜಿಯಲ್ಲಿ ಇಬ್ಬರೂ ಒಂದಿಷ್ಟು ಬಿಟ್ಟುಕೊಡುತ್ತಾರೆ. ಇಲ್ಲಿ ಯಾರೂ ಏನನ್ನೂ ಬಿಟ್ಟುಕೊಡದೆ, ತಮ್ಮ ಅಭಿಪ್ರಾಯಗಳು ಕೂಡಲಾರವು ಎಂಬುದೊಂದನ್ನು ಮಾತ್ರ ಒಪ್ಪಿಕೊಂಡು ವಾದವನ್ನು ನಿಲ್ಲಿಸುತ್ತಾರೆ.

ಈ ಮಾತಿನ ಹಿಂದೆ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಇಬ್ಬರು ಬೋಧಕರಿದ್ದಾರೆ. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರಿನಲ್ಲಿರುವ ಜಾನ್ ವೆಸ್ಲಿ ಒಬ್ಬರು. ಆಕ್ಸ್‌ಫರ್ಡಿನ ದಿನಗಳಿಂದ ಅವರ ಒಡನಾಡಿಯಾಗಿದ್ದ ಜಾರ್ಜ್ ವಿಟ್‌ಫೀಲ್ಡ್ ಇನ್ನೊಬ್ಬರು (ಇಂಗ್ಲಿಷ್ ಬರಹದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಂತೆಯೇ ಕಂಡರೂ ಆ ಊರಿಗೂ ಇವರಿಗೂ ನಂಟಿಲ್ಲ). ಮೋಕ್ಷ ಯಾರಿಗೆಂಬುದನ್ನು ದೇವರು ಮೊದಲೇ ಗೊತ್ತುಮಾಡಿದ್ದಾನೆಂದು ವಿಟ್‌ಫೀಲ್ಡ್ ನಂಬಿದ್ದರು. ಕೃಪೆ ಎಲ್ಲರಿಗೂ ತೆರೆದಿದೆ ಎಂದು ವೆಸ್ಲಿ 1739ರಲ್ಲಿ ಪ್ರವಚನವನ್ನೇ ಅಚ್ಚುಹಾಕಿಸಿದಾಗ ವಿಟ್‌ಫೀಲ್ಡ್ ಬಹಿರಂಗ ಪತ್ರದಲ್ಲಿ ಅದನ್ನು ಖಂಡಿಸಿದರು. ಮಾಧ್ವರ ಜೀವತ್ರೈವಿಧ್ಯದ (ಜೀವರು ಸ್ವಭಾವದಿಂದಲೇ ಮೂರು ಬಗೆ, ಎಲ್ಲರೂ ಮೋಕ್ಷಕ್ಕೆ ಯೋಗ್ಯರಲ್ಲ ಎಂಬ ಮತದ) ವಾದಗಳನ್ನು ಕೇಳಿ ಬೆಳೆದ ನಿಮಗೆ ಈ ಜಗಳದ ಬಿಸಿ ಎಷ್ಟಿದ್ದೀತೆಂದು ನಾನು ಹೇಳಬೇಕಾಗಿಲ್ಲ. ಆದರೂ ಸ್ನೇಹ ಪೂರ್ತಿ ಕಡಿಯಲಿಲ್ಲ. ಶಾಂತಿಯಿಂದ ಬಾಳಬೇಕೆನ್ನುವವರು ಸಣ್ಣಪುಟ್ಟ ಸಂಗತಿಗಳಿಗಾಗಿ ಬೇರೆಯಾಗಬಾರದೆಂದು 1750ರ ಪತ್ರವೊಂದರಲ್ಲಿ ಬರೆಯುವಾಗ ವಿಟ್‌ಫೀಲ್ಡ್ ಇದೇ ಮಾತನ್ನು ಬಳಸಿದ್ದರು. 1770ರಲ್ಲಿ ಅವರು ಅಮೆರಿಕದಲ್ಲಿ ತೀರಿಕೊಂಡಾಗ, ಲಂಡನ್ನಿನಲ್ಲಿ ಸ್ಮರಣೆಯ ಪ್ರವಚನ ಮಾಡಿದ ವೆಸ್ಲಿ ಆ ಮಾತನ್ನು ಮತ್ತೆ ಎತ್ತಿಕೊಂಡರು, ಆದರೆ ಒಂದು ಕಟ್ಟು ಹಾಕಿ: ಅಷ್ಟೇನೂ ಮುಖ್ಯವಲ್ಲದ ತತ್ತ್ವಗಳಲ್ಲಿ ಹೀಗಿರಬಹುದು, ಮೂಲತತ್ತ್ವಗಳನ್ನು ಮಾತ್ರ ಬಿಡಕೂಡದು.

ಈಗಿನವರು ಮಾತನ್ನು ಉಳಿಸಿಕೊಂಡು ಆ ಕಟ್ಟನ್ನು ಮರೆತಂತಿದೆ. ಲೆಕ್ಕ ತೆಗೆದು ನೋಡಿದರೆ ತೀರ್ಮಾನವಾಗುವ ವಿಷಯಕ್ಕೂ ಇದನ್ನೇ ಹೇಳಿ ಎದ್ದುಹೋಗುವವರಿದ್ದಾರೆ. ಸಭೆಯಲ್ಲಿ ಮೇಲಧಿಕಾರಿಯ ಬಾಯಿಂದ ಬಂದರಂತೂ ‘ನಿನ್ನದು ಕೇಳಿದ್ದಾಯಿತು, ಇನ್ನು ಸಾಕು’ ಎಂದೇ ತಿಳಿಯಬೇಕು. ಸಮಾನರಾದ ಇಬ್ಬರು, ಪರಸ್ಪರರ ವಾದವನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಹೇಳಿದಾಗಲೇ ಅದಕ್ಕೊಂದು ಮರ್ಯಾದೆ.

ಚಿಕ್ಕಪ್ಪನವರೊಡನೆ ನಡೆಯುವ ರಾಜಕೀಯದ ವಾದಕ್ಕೆ ನೀವು ಇದನ್ನು ಧಾರಾಳವಾಗಿ ಬಳಸಬಹುದು. ಗದ್ದೆಯ ಬದುವಿನ ವಿಚಾರಕ್ಕೆ ಮಾತ್ರ ಬೇಡ. ಅದಕ್ಕೆ ಸರ್ವೆಯವರನ್ನು ಕರೆಸುವುದೇ ಸರಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿರಿ.

ಇತಿ,
ನಿಮ್ಮ ಮಗಳು