ಎಂಟು ಜನ, ಒಂದು ಭಾನುವಾರ

ಚಿರಂಜೀವಿ ಪುಟ್ಟನಿಗೆ ಹನುಮಂತನಗರದಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ದೊಡ್ಡಮ್ಮನ ಮಂಡಿನೋವು ಮೋಡ ಕವಿದಾಗ ಬರುತ್ತೆ, ಧಾರಾವಾಹಿ ಶುರುವಾದಾಗ ಹೋಗುತ್ತೆ. ಭಾನುವಾರ ನೀವು ಎಂಟು ಜನ ಸ್ನೇಹಿತರು ಸುತ್ತೋಕೆ ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಅಲ್ಲೇ ಉತ್ತರ ಬರೆಯೋಣ ಅಂತ ಹೊರಟೆ, ಹೆಬ್ಬೆರಳು ಸೋತುಹೋಯಿತು. ಅದಕ್ಕೇ ಈ ಕಾಗದ. ಇದರ ಫೋಟೋ ಹೊಡೆದು ನಿನಗೆ ಕಳಿಸು ಅಂತ ಎದುರುಮನೆ ಹುಡುಗಿಗೆ ಹೇಳಿದ್ದೇನೆ.

ಬೆಳಗಿನ ಜಾವ ನಂದಿಬೆಟ್ಟದಲ್ಲಿ ಸೂರ್ಯೋದಯ, ದಾರಿಯಲ್ಲಿ ತಿಂಡಿ, ಆಮೇಲೆ ಗೋ-ಕಾರ್ಟಿಂಗ್, ಚರ್ಚ್ ಸ್ಟ್ರೀಟಿನಲ್ಲಿ ಊಟ, ಮಾಲಿನಲ್ಲಿ ಬೌಲಿಂಗ್, ರಾತ್ರಿ ಕೋರಮಂಗಲ. ಇದೇನೋ ಸ್ನೇಹಿತರ ಜೊತೆ ಕಳೆಯುವ ದಿನವೋ, ನನ್ನ ಹಳೇ ಕಂಡಕ್ಟರ್ ಡ್ಯೂಟಿ ಚಾರ್ಟೋ? ಡಬಲ್ ಡ್ಯೂಟಿ ಮಾಡಿದ ದಿನವೂ ನಾನು ಇಷ್ಟು ಸುತ್ತಿಲ್ಲ ಕಣೋ. ನಂದಿಗೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ನೀವೆಲ್ಲ ಇರುವುದು ವೈಟ್‌ಫೀಲ್ಡಿನ ಪಿ.ಜಿ.ಗಳಲ್ಲಿ. ಹೋಗಿ ಬರೋದು, ಅಲ್ಲಿಂದ ಊರೊಳಗೆ ಬರೋದು, ರಾತ್ರಿ ಮತ್ತೆ ಪಿ.ಜಿ. ಸೇರೋದು, ಎಲ್ಲ ಲೆಕ್ಕ ಹಾಕಿದರೆ ಅರ್ಧ ದಿನ ಕಾರಿನ ಸೀಟಿನಲ್ಲೇ ಕಳೆಯುತ್ತೆ. ಎಂಟು ಜನ ಅಂದರೆ ಎರಡು ಕಾರು. ಅಂದರೆ ಅರ್ಧ ದಿನ ನಾಲ್ವರ ಮುಖ ಇನ್ನು ನಾಲ್ವರಿಗೆ ಕಾಣೋದೇ ಇಲ್ಲ. ಉಳಿದರ್ಧ ದಿನ "ಎಲ್ಲಿದೀರಾ? ಲೊಕೇಶನ್ ಕಳ್ಸಿ" ಅನ್ನೋದರಲ್ಲೇ ಮುಗಿಯುತ್ತೆ.

ಆರು ಕಡೆ ಬೇಡ. ಒಂದು ಕಡೆ ಹೋಗಿ, ಹೆಚ್ಚೆಂದರೆ ಎರಡು. ಆ ಕಡೆ ಯಾವುದು ಅಂತ ಹೇಳುವ ಮೊದಲು ದುಡ್ಡಿನ ಮಾತು ಆಡಿಬಿಡುತ್ತೇನೆ. ನೀನು ಕೇಳಿಲ್ಲ. ಕೇಳಲ್ಲ ಅಂತಾನೂ ಗೊತ್ತು.

1981ರ ಮಾತು. ಆಗಿನ್ನೂ ನನಗೆ ಕೆಲಸ ಸಿಕ್ಕಿರಲಿಲ್ಲ. ನಮ್ಮ ವಠಾರದ ಸುತ್ತಮುತ್ತ ಏಳು ಜನ ಹುಡುಗರ ಗುಂಪು. ನಂದಿಬೆಟ್ಟಕ್ಕೆ ಹೋಗೋದು ಅಂತ ತೀರ್ಮಾನ ಆಯಿತು, ತಲೆಗೆ ಇಷ್ಟು ಅಂತ ಗೊತ್ತಾಯಿತು, ಎಲ್ಲರೂ ತಲೆ ಅಲ್ಲಾಡಿಸಿದೆವು. ಹೊರಡುವ ದಿನ ಬೆಳಗ್ಗೆ ಒಬ್ಬ ಬರಲಿಲ್ಲ. ಹೊಟ್ಟೆನೋವಂತೆ ಅಂತ ಅವನ ತಂಗಿ ಬಂದು ಹೇಳಿಹೋದಳು. ನಾವು ಆರು ಜನ ಕೆಂಪು ಬಸ್ಸಿನಲ್ಲಿ ಹೋದೆವು, ಟಿಪ್ಪು ಡ್ರಾಪ್ ಹತ್ತಿರ ಕೂಗಾಡಿದೆವು, ಬರುವಾಗ ದ್ರಾಕ್ಷಿ ಕೊಂಡೆವು. ಸಂಜೆ ಮೆಜೆಸ್ಟಿಕ್‌ನಲ್ಲಿ ಇಳಿದು, ಮನೆ ಕಡೆಯ ಬಸ್ಸು ಹಿಡಿಯಲು ಮಾರ್ಕೆಟ್‌ವರೆಗೆ ನಡೆದುಕೊಂಡು ಬರುತ್ತಿದ್ದರೆ, ಅಲ್ಲಿ ಅವನು. ಬಾಳೆಗೊನೆ ತುಂಬಿದ ತಳ್ಳುಗಾಡಿಗೆ ಹಿಂದಿನಿಂದ ಹೆಗಲು ಕೊಟ್ಟಿದ್ದ. ಅವನೂ ನಮ್ಮನ್ನು ನೋಡಿದ, ಮುಖ ಆ ಕಡೆ ತಿರುಗಿಸಿದ. ನನ್ನ ಕೈಯಲ್ಲಿ ದ್ರಾಕ್ಷಿ ಪೊಟ್ಟಣ. ಕೊಡಬೇಕೋ, ನೋಡದವನ ಹಾಗೆ ಹೋಗಬೇಕೋ ತಿಳಿಯಲಿಲ್ಲ. ನೋಡದವನ ಹಾಗೇ ಹೋದೆ. ಅವನ ಹೊಟ್ಟೆನೋವು ಏನೂಂತ ಆರು ಜನಕ್ಕೂ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ.

ಅದಾದ ಮೇಲೆ ನಾವೊಂದು ಹೊಸ ಪದ್ಧತಿ ಮಾಡಿಕೊಂಡೆವು. ಒಂದು ಬಟ್ಟೆಚೀಲ. ಹೊರಡುವ ವಾರಕ್ಕೆ ಮೊದಲು ಅದು ಎಲ್ಲರ ಕೈಗೂ ಬರುತ್ತಿತ್ತು. ಮುಷ್ಟಿ ಮುಚ್ಚಿ ಒಳಗೆ ಹಾಕೋದು, ಮುಷ್ಟಿ ಮುಚ್ಚಿ ಹೊರಗೆ ತೆಗೆಯೋದು. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಯಾರೂ ಕೇಳುವ ಹಾಗಿಲ್ಲ. ಚೀಲ ಸುರಿದ ಮೇಲೆ ಎಷ್ಟಿದೆಯೋ ಅದಕ್ಕೆ ತಕ್ಕ ಜಾಗ. ಎಷ್ಟೋ ಸಲ ಕಬ್ಬನ್ ಪಾರ್ಕಿನ ಹುಲ್ಲು, ಪುರಿ, ಕಡಲೇಕಾಯಿ, ಅಷ್ಟಕ್ಕೇ ಸರಿಹೋಗುತ್ತಿತ್ತು. ಒಂದು ಸಲ ಮಾತ್ರ ಚೀಲದಲ್ಲಿ ಐವತ್ತರ ನೋಟೊಂದು ಬಂತು. ಆ ಕಾಲಕ್ಕೆ ಐವತ್ತು ಅಂದರೆ ಹುಡುಗಾಟವಲ್ಲ. ಯಾರು ಹಾಕಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ನನಗೊಬ್ಬನ ಮೇಲೆ ಅನುಮಾನ, ಅವನು ಈಗ ಇಲ್ಲ.

ನಿಮಗೆ ಈ ಉಪಾಯ ನಡೆಯಲ್ಲ. ಫೋನ್‌ಪೇಯಲ್ಲಿ ಮುಷ್ಟಿ ಮುಚ್ಚೋಕಾಗಲ್ಲ, ಯಾರು ಎಷ್ಟು, ಎಷ್ಟು ಗಂಟೆಗೆ ಅನ್ನೋದೆಲ್ಲ ಬರೆದಿಟ್ಟಿರುತ್ತೆ. ನೀನು ಒಂದು ಕೆಲಸ ಮಾಡು. ಜಾಗ ಗೊತ್ತು ಮಾಡುವ ಮೊದಲು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳು, ಗ್ರೂಪಿನಲ್ಲಿ ಬೇಡ. ಯಾರ ಬಾಯಲ್ಲಿ ಎಲ್ಲಕ್ಕಿಂತ ಕಡಿಮೆ ಮೊತ್ತ ಬರುತ್ತೋ, ಅದೇ ಎಲ್ಲರ ಮೊತ್ತ. ಅದು ಯಾರದು ಅಂತ ಹೇಳಬೇಡ. ಗುಂಪಿನಲ್ಲಿ ಒಬ್ಬಳು ಮನೆಗೆ ಸಂಬಳದ ಅರ್ಧ ಕಳಿಸುತ್ತಾಳೆ ಅಂತ ನೀನೇ ಒಮ್ಮೆ ಹೇಳಿದ್ದೆ. ಆಮೇಲೆ ಹೊಟ್ಟೆನೋವು ಬರೋದು ಬೇಡ.

ಮೂವತ್ತು ಚಿಲ್ಲರೆ ವರ್ಷ ನಾನು ಬೆಂಗಳೂರಿನ ಸಿಟಿ ಬಸ್ ಕಂಡಕ್ಟರ್. ಸೇರಿದಾಗ ಬಿ.ಟಿ.ಎಸ್., 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು, ಚಿಲ್ಲರೆ ಜಗಳ ಮಾತ್ರ ಹಾಗೇ ಉಳೀತು. ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರ ಕೈಗೆ ಒಂದೇ ನೋಟು ಕೊಟ್ಟು "ಇಳಿದ ಮೇಲೆ ಹಂಚ್ಕೊಳ್ಳಿ" ಅಂದಿದ್ದೇನೆ. ಅವರು ನಗುತ್ತಾ ಇಳಿದು, ಅಂಗಡಿಯಲ್ಲಿ ನೋಟು ಮುರಿಸಿ ಹಂಚಿಕೊಳ್ಳುತ್ತಿದ್ದರು. ಒಟ್ಟಿಗೆ ಓದಿದ ಹುಡುಗರು ಎರಡು ರೂಪಾಯಿಗೆ ಮುಖ ಊದಿಸಿಕೊಂಡದ್ದೂ ನೋಡಿದ್ದೇನೆ. ಗುಂಪುಗುಂಪಾಗಿ ಹತ್ತುವ ಹುಡುಗರಲ್ಲಿ ಯಾವನು ಕಿಟಕಿ ಕಡೆ ನೋಡುತ್ತಾ ನಿಲ್ಲುತ್ತಾನೋ, ಅವನ ಜೇಬು ಖಾಲಿ ಅಂತ ನನಗೆ ಟಿಕೆಟ್ ಹರಿಯುವ ಮೊದಲೇ ತಿಳಿಯುತ್ತಿತ್ತು.

ಬಸ್ಸಿನ ಮಾತು ಬಂತಲ್ಲ, ಇದೂ ಕೇಳಿಕೋ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು. ನಿಮ್ಮ ಗುಂಪಿನ ಹೆಣ್ಣುಮಕ್ಕಳು ಸಾದಾ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ. ಆದರೆ ಟಿಕೆಟ್ ತೆಗೆದುಕೊಳ್ಳಲೇಬೇಕು, ಶೂನ್ಯ ದರದ್ದು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿಯೂ ಕೈಯಲ್ಲಿರಬೇಕು. ಹೊರರಾಜ್ಯದ ಹುಡುಗಿಗೆ ಇದು ಇಲ್ಲ, ಎ.ಸಿ. ವಜ್ರ ಬಸ್ಸಿಗೂ ಇಲ್ಲ. ಇದು ತಿಳಿಯದೆ ಕಂಡಕ್ಟರ್ ಮೇಲೆ ಕೂಗಾಡುವವರು ಬಹಳ. ಆ ಬಡಪಾಯಿಯ ಪರವಾಗಿ ಮೊದಲೇ ಹೇಳಿದ್ದೇನೆ.

ಈಗ ಜಾಗ. ನನ್ನ ಮಾತು ಕೇಳೋದಾದರೆ ಲಾಲ್‌ಬಾಗಿಗೆ ಬನ್ನಿ. ಮುಖ ಸೊಟ್ಟಗೆ ಮಾಡಬೇಡ, ಗೊತ್ತು, "ಅದು ವಾಕಿಂಗ್ ಅಂಕಲ್‌ಗಳ ಜಾಗ" ಅಂತೀಯ. ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಲಾಲ್‌ಬಾಗ್ ನಿಲ್ದಾಣ. ಎಂಟೂ ಜನ ಒಂದೇ ಬೋಗಿಯಲ್ಲಿ. ಯಾರೂ ಡ್ರೈವ್ ಮಾಡಬೇಕಿಲ್ಲ, ಪಾರ್ಕಿಂಗಿಗೆ ಅಲೆಯಬೇಕಿಲ್ಲ.

ಒಳಗೆ ಹೋಗಿ ಸುಮ್ಮನೆ ಸುತ್ತಿದರೆ ಅರ್ಧ ಗಂಟೆಗೆ ಬೇಜಾರು ಬರುತ್ತೆ. ಹೀಗೆ ಮಾಡಿ. ನಾಲ್ಕು ಜೋಡಿ ಆಗಿ. ಜೋಡಿ ಆರಿಸೋದು ಚೀಟಿ ಎತ್ತಿ, ಇಲ್ಲದಿದ್ದರೆ ಯಾವಾಗಲೂ ಅಂಟಿಕೊಂಡಿರುವವರೇ ಮತ್ತೆ ಅಂಟಿಕೊಳ್ಳುತ್ತಾರೆ. ಒಂದು ಗಂಟೆ ಟೈಮು, ಫೋನು ಜೇಬಿನಲ್ಲೇ. ಉಳಿದವರು ನೋಡಿರಲಾರರು ಅನ್ನುವ ಒಂದು ವಸ್ತು ಪ್ರತಿ ಜೋಡಿ ಹುಡುಕಬೇಕು. ಗಂಟೆಯಾದ ಮೇಲೆ ಬಂಡೆಯ ಹತ್ತಿರ ಸೇರಿ, ಅಲ್ಲಿಂದ ಒಂದೊಂದು ಜೋಡಿಯ ಹಿಂದೆ ಎಲ್ಲರೂ ಹೋಗಿ ನೋಡಬೇಕು. 240 ಎಕರೆ ತೋಟ, 1760ರಲ್ಲಿ ಹೈದರಾಲಿ ಶುರು ಮಾಡಿದ್ದು. ಗಾಜಿನ ಮನೆಯನ್ನು ಎಲ್ಲರೂ ನೋಡಿರುತ್ತಾರೆ, ಅದಕ್ಕೆ ಅಂಕ ಇಲ್ಲ. ಕಲ್ಲಾಗಿ ಹೋದ ಮರದ ಕಾಂಡ ಒಂದಿದೆ, ಎಲ್ಲಿದೆ ಅಂತ ನಾನು ಹೇಳಲ್ಲ. ಆನೆಕಾಲಿನಂಥ ಬುಡದ ಬೂರುಗದ ಮರ ಇದೆ, ಅದರ ಬೇರಿನ ಗೋಡೆಗಳ ನಡುವೆ ಇಬ್ಬರು ನಿಂತರೆ ಆ ಕಡೆಯಿಂದ ಬರುವವರಿಗೆ ಕಾಣಲ್ಲ.

ಸೇರುವ ಬಂಡೆಯನ್ನು ಬರೀ ಬಂಡೆ ಅಂದುಕೊಳ್ಳಬೇಡ. ಅದಕ್ಕೆ 300 ಕೋಟಿ ವರ್ಷ ವಯಸ್ಸು ಅಂತ ಲೆಕ್ಕ ಹಾಕಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತಲೇ ಸಾರಿದ್ದಾರೆ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಬೆಳಗಿನ ಹೊತ್ತು ಚಪ್ಪಲಿ ಬಿಚ್ಚಿ ನಿಂತರೆ ಅಂಗಾಲಿಗೆ ತಣ್ಣಗೆ ಹತ್ತುತ್ತೆ, ಹನ್ನೊಂದು ಗಂಟೆಗೆ ಅದೇ ಕಲ್ಲು ಹಂಚಿನ ಹಾಗೆ ಕಾದಿರುತ್ತೆ. ಅದಕ್ಕೇ ಆದಷ್ಟು ಬೇಗ ಬನ್ನಿ ಅನ್ನೋದು.

ತಿಂಡಿಗೆ ಗಾಂಧಿಬಜಾರು ಅಂತ ಯಾರಾದರೂ ಹಟ ಹಿಡಿದರೆ ಹೋಗಿ. ಆದರೆ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಎಂಟು ಜನಕ್ಕೆ ಒಂದೇ ಟೇಬಲ್ಲು ಅಂತ ಕನಸು ಕಾಣಬೇಡ, ಖಾಲಿಯಾದ ಕುರ್ಚಿಗೆ ಒಬ್ಬೊಬ್ಬರು. 1943ರಿಂದ ಇರುವ ಜಾಗ, ನಿಮಗೋಸ್ಕರ ಬದಲಾಗಲ್ಲ. ನಿಂತು ತಿನ್ನುವ ಯಾವುದಾದರೂ ದರ್ಶಿನಿಯಾದರೆ ಎಂಟೂ ಜನ ಒಂದೇ ಕಟ್ಟೆ ಸುತ್ತ ನಿಂತು ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಬಹುದು. ನನಗೆ ಅದೇ ಇಷ್ಟ.

ಮಧ್ಯಾಹ್ನ ನಮ್ಮ ಮನೆ. ದೊಡ್ಡಮ್ಮ ಆಗಲೇ ಅನ್ನ, ಬಸ್ಸಾರು, ಹಪ್ಪಳ ಅಂತ ಶುರು ಹಚ್ಚಿದ್ದಾಳೆ. ಊಟ ಆದ ಮೇಲೆ ಮಹಡಿ ಮೇಲೆ ಚೌಕಾಬಾರ. ನಗಬೇಡ. ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ, ಸೀಮೆಸುಣ್ಣದಲ್ಲಿ ಬರೆದರೆ ಆಯಿತು. ಒಂದೊಂದು ಬದಿಗೆ ಇಬ್ಬರು, ಒಬ್ಬ ಕವಡೆ ಹಾಕೋದು, ಒಬ್ಬ ಕಾಯಿ ನಡೆಸೋದು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಗುಣಾಕಾರದ ಗುರುತಿರುವ ಮನೆಯಲ್ಲಿ ಕೂತ ಕಾಯನ್ನು ಹೊಡೆಯುವ ಹಾಗಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶ ಇಲ್ಲ. ಈ ಒಂದು ನಿಯಮಕ್ಕಾಗಿ ನಿನ್ನ ಅಪ್ಪ ನನ್ನ ಜೊತೆ ಮೂರು ದಿನ ಮಾತು ಬಿಟ್ಟಿದ್ದ. ಆಫೀಸಿನಲ್ಲಿ ತಣ್ಣಗೆ ಮೆಲ್ಲಗೆ ಮಾತಾಡುವ ಹುಡುಗಿಯ ಕೈಗೆ ಕವಡೆ ಕೊಟ್ಟು ನೋಡು, ಬೀದಿ ಕೊನೆವರೆಗೆ ಗಂಟಲು ಕೇಳಿಸುತ್ತೆ.

ಸಂಜೆಗೆ ಇನ್ನೂ ಶಕ್ತಿ ಇದ್ದರೆ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿದ್ದು, 2004ರಿಂದ ನಡೀತಿದೆ. ಯಾವ ನಾಟಕ ಅಂತ ನೋಡಿ ಟಿಕೆಟ್ ಮೊದಲೇ ತೆಗೆದಿಡು. ಅಲ್ಲಿ ಬೆಲ್ ಹೊಡೆದ ಮೇಲೆ ಬಾಗಿಲು ಮುಚ್ಚಿತು ಅಂದರೆ ಮುಚ್ಚಿತು, ಯಾರೇ ಬಂದರೂ ತೆಗೆಯಲ್ಲ. ಪ್ರತಿಸಲ ಅರ್ಧ ಗಂಟೆ ತಡ ಮಾಡುತ್ತಾನಲ್ಲ ನಿನ್ನ ರೂಮ್‌ಮೇಟು, ಅವನಿಗಿದು ಒಳ್ಳೇ ಮದ್ದು. ನಾಟಕ ಬೇಡ ಅಂದರೆ ಸಜ್ಜನ್ ರಾವ್ ಸರ್ಕಲ್ಲಿನ ಪಕ್ಕದ ವಿ.ವಿ. ಪುರಂ ತಿಂಡಿ ಬೀದಿ ಇದ್ದೇ ಇದೆ. ಎಂಟು ಜನಕ್ಕೆ ಒಂದೊಂದು ಐಟಂ ಒಂದೇ ಪ್ಲೇಟು ತಗೊಂಡರೆ ಹತ್ತು ಬಗೆ ರುಚಿ ನೋಡಬಹುದು, ಜೇಬೂ ಉಳಿಯುತ್ತೆ.

ನಂದಿ ಆಸೆ ಬಿಡಲಾರೆ ಅಂದರೆ ರಜೆ ಹಾಕಿ ವಾರದ ನಡುವೆ ಹೋಗಿ. ಭಾನುವಾರ ಬೆಳಗ್ಗೆ ಗೇಟಿನ ಕೆಳಗೆ ಗಾಡಿಗಳ ಸಾಲು ನೋಡಿದರೆ ಮಾರ್ಕೆಟ್ ಫ್ಲೈಓವರೇ ವಾಸಿ. ಹತ್ತಿ ನಿಂತರೆ ಮಂಜು, ಸೂರ್ಯ ಎಲ್ಲಿ ಹುಟ್ಟಿದ ಅಂತಾನೂ ತಿಳಿಯಲ್ಲ. ಸಾವನದುರ್ಗದಂಥ ಕಡೆ ಮಳೆಗಾಲದಲ್ಲಿ ಕಲ್ಲು ಜಾರುತ್ತೆ, ಚಾರಣಕ್ಕೆ ಅರಣ್ಯ ಇಲಾಖೆಯ ಬುಕಿಂಗೂ ಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಹಿತವಚನ ಹೇಳಲ್ಲ, ಆಣೆ ಹಾಕಿಸಿಕೊಳ್ಳುತ್ತೇನೆ. ಸಂಗಮ, ಕಲ್ಲುಕ್ವಾರಿ, ಕೆರೆ, ಎಲ್ಲಿಗೇ ಹೋದರೂ ನೀರಿಗೆ ಇಳಿಯಬಾರದು. ಅರ್ಕಾವತಿ ಕಾವೇರಿ ಸೇರುವಲ್ಲಿ ಮೇಲೆ ನೋಡಿದರೆ ಮೊಣಕಾಲುದ್ದ, ಒಂದು ಹೆಜ್ಜೆ ಆಚೆ ಸುಳಿ. ಒಬ್ಬ ಜಾರಿದರೆ ಸ್ನೇಹಿತರು ಕೈ ಕೊಡಲು ಹೋಗುತ್ತಾರೆ, ಹಾಗೆ ಒಬ್ಬರ ಹಿಂದೆ ಒಬ್ಬರು ಹೋಗಿಬಿಡುತ್ತಾರೆ. ಪೇಪರಿನಲ್ಲಿ ಆ ಫೋಟೋ ಸಾಲು ನೋಡಿದಾಗಲೆಲ್ಲ ನಾನು ಮೊದಲು ವಯಸ್ಸು ಓದುತ್ತೇನೆ. ನಿನ್ನದೇ ವಯಸ್ಸಿರುತ್ತೆ. ಫೋನಿನಲ್ಲಿ "ಆಯ್ತು ದೊಡ್ಡಪ್ಪ" ಅಂದರೆ ಸಾಲದು, ಎದುರಿಗೆ ಬಂದು ಹೇಳು.

ಎಲ್ಲೇ ಹತ್ತಿದರೂ ಇಳಿದರೂ ತಲೆ ಎಣಿಸು. ನಾನು ಪ್ರತಿ ಸ್ಟಾಪಿನಲ್ಲಿ ಎಣಿಸಿಯೇ "ರೈಟ್ ರೈಟ್" ಅನ್ನುತ್ತಿದ್ದೆ. ಎಂಟು ಅಂತ ಆದ ಮೇಲೆ ಹೊರಡು.

ಅಟ್ಟದಿಂದ ಕವಡೆ ಡಬ್ಬಿ ಇಳಿಸಿದೆ, ಮೂರೇ ಇವೆ. ನಾಲ್ಕನೆಯದು ಎಲ್ಲಿ ಹೋಯಿತೋ, ನಿನ್ನ ಅಪ್ಪನನ್ನು ಕೇಳಬೇಕು. ಅದಕ್ಕೆ ನಾಲ್ಕು ಹುಣಿಸೇಬೀಜ ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವ ತನಕ ತೇಯುತ್ತಾ ಕೂತಿದ್ದೇನೆ, ಎರಡು ಮುಗಿದಿವೆ. ಊಟಕ್ಕೆ ಎಂಟೋ ಏಳೋ ಅಂತ ಶುಕ್ರವಾರದೊಳಗೆ ತಿಳಿಸು, ಗಾಂಧಿಬಜಾರಿಗೆ ಹೋಗಿ ಸೊಪ್ಪು ತರಬೇಕು. ಯಾರಿಗಾದರೂ ಬೆಳ್ಳುಳ್ಳಿ ಆಗಲ್ಲ ಅಂದರೆ ಅದನ್ನೂ ಬರಿ.

ಇಂತಿ ನಿನ್ನ,
ದೊಡ್ಡಪ್ಪ